ಫ್ರಿಜ್ಜಿಗೆ ಬಾಗಿಲು ಕೂರಿಸುವ ವಿದ್ಯೆ

ಕೊಪ್ಪ ತಾಲ್ಲೂಕಿನ ಕಮ್ಮರಡಿ ಸುತ್ತಮುತ್ತ ಮನೆ ಬದಲಾಯಿಸುವವರಿಗೆ ದೂರದ ಚಿಂತೆ ಅಷ್ಟಿಲ್ಲ. ಶೃಂಗೇರಿಯಿಂದಲೋ ನರಸಿಂಹರಾಜಪುರದಿಂದಲೋ ಸಾಮಾನು ತುಂಬಿದ ಪಿಕಪ್ಪು ಅಂಕುಡೊಂಕು ರಸ್ತೆಯಲ್ಲಿ ಹೇಗೋ ಬಂದು ಮುಟ್ಟುತ್ತದೆ. ಕಷ್ಟ ಶುರುವಾಗುವುದು ಡಾಂಬರು ಮುಗಿದ ಮೇಲೆ. ಅಡಿಕೆ ತೋಟದ ತಗ್ಗಿಗೆ ಇಳಿಯುವ ಮಣ್ಣುದಾರಿ, ಹಳ್ಳಕ್ಕೆ ಹಾಕಿದ ಸಂಕ, ಅಂಗಳದಿಂದ ಜಗಲಿಗೆ ಹತ್ತುವ ಮೆಟ್ಟಿಲು, ಅದಾದ ಮೇಲೆ ತಲೆ ತಗ್ಗಿಸಿಯೇ ದಾಟಬೇಕಾದ ಹಳೇ ಕಾಲದ ಬಾಗಿಲು. ಮಂಚವನ್ನು ಬಿಚ್ಚಬಹುದು. ಕಪಾಟನ್ನು ಖಾಲಿ ಮಾಡಿ ಹೊರಬಹುದು. ಫ್ರಿಜ್ಜನ್ನು ಮಾತ್ರ ಮಡಚಲೂ ಆಗದು, ಮಗುಚಲೂ ಆಗದು. ಹೊತ್ತವರು ದಾರಂದದ ಎದುರು ನಿಂತು ಒಮ್ಮೆ ಒಳಗೆ, ಒಮ್ಮೆ ಹೊರಗೆ ನೋಡುತ್ತಾರೆ. ಆಗ ಯಾರಾದರೊಬ್ಬರ ಬಾಯಿಂದ ಆ ಮಾತು ಬಂದೇ ಬರುತ್ತದೆ: ‘ಬಾಗ್ಲು ತೆಗೆದ್ರೆ ಬರ್ತದೆ ಮಾರಾಯ್ರೆ.’

ಬರುತ್ತದೆಯೇ? ಕೆಲವೊಮ್ಮೆ ಹೌದು, ಹಲವು ಬಾರಿ ಇಲ್ಲ. ಬಾಗಿಲು ತೆಗೆಯಲು ಒಂದು ಸ್ಪ್ಯಾನರ್ರು, ಒಂದು ಸ್ಕ್ರೂಡ್ರೈವರ್ರು, ಇಬ್ಬರ ತೋಳು ಸಾಕು. ಅದೇ ಬಾಗಿಲನ್ನು ಮೊದಲಿನಂತೆ ಕೂರಿಸುವುದಕ್ಕೆ ಗುರುತ್ವ, ಅಯಸ್ಕಾಂತ, ಗಾಳಿಯ ಒತ್ತಡ, ಮಳೆಗಾಲದ ತೇವ ಎಲ್ಲದರ ಲೆಕ್ಕವೂ ಬೇಕು. ಫ್ರಿಜ್ಜಿನ ಬಾಗಿಲು ಪೆಟ್ಟಿಗೆಯ ಮುಚ್ಚಳವಲ್ಲ. ಕಂಪ್ರೆಸರ್ ಎಷ್ಟು ಯಂತ್ರವೋ ಅದೂ ಅಷ್ಟೇ ಯಂತ್ರ. ಮಿಲಿಮೀಟರುಗಳ ಲೆಕ್ಕದಲ್ಲಿ ಅದು ತನ್ನ ಜಾಗದಲ್ಲಿ ಕೂತಿದ್ದರೆ ಮಾತ್ರ ಒಳಗಿನ ತಂಪು ಒಳಗೆ ಉಳಿಯುತ್ತದೆ.

ಮೊದಲು ಟೇಪು, ಆಮೇಲೆ ಸ್ಪ್ಯಾನರ್ರು

ಎರಡು ಬಾಗಿಲಿನ ಒಂದು ಸಾಧಾರಣ ಫ್ರಿಜ್ಜು ತೆಗೆದುಕೊಳ್ಳೋಣ. ಅಗಲ 60 ಸೆಂಟಿಮೀಟರ್, ಬಾಗಿಲೂ ಸೇರಿ ಆಳ 68, ಎತ್ತರ 165. ಬಾಗಿಲು ತೆಗೆದರೆ ಆಳ 62ಕ್ಕೆ ಇಳಿಯುತ್ತದೆ. ಹಳೆಯ ಮನೆಯ ಒಳಬಾಗಿಲು ಎರಡೂವರೆ ಅಡಿ, ಅಂದರೆ 76 ಸೆಂಟಿಮೀಟರ್ ಅಗಲ ಎಂದುಕೊಳ್ಳಿ. ನೇರವಾಗಿ ದಾಟಿಸುವಾಗ ದಾರಂದಕ್ಕೆ ಎದುರಾಗಬೇಕಾದ್ದು ಎರಡು ಅಳತೆಗಳಲ್ಲಿ ಚಿಕ್ಕದು ಮಾತ್ರ. ಇಲ್ಲಿ ಅದು 60ರ ಅಗಲ. ಬಾಗಿಲು ಇದ್ದರೂ ಇಲ್ಲದಿದ್ದರೂ ಆ 60 ಬದಲಾಗುವುದಿಲ್ಲ. ಹಾಗಾಗಿ ಈ ಫ್ರಿಜ್ಜಿನ ಬಾಗಿಲು ಬಿಚ್ಚಿ ದಾರಂದದ ಅಗಲದಲ್ಲಿ ಗಳಿಸುವುದೇನೂ ಇಲ್ಲ.

ಪಕ್ಕಪಕ್ಕದಲ್ಲೇ ಎರಡು ಉದ್ದ ಬಾಗಿಲಿರುವ ದೊಡ್ಡ ಫ್ರಿಜ್ಜಿನ ಕಥೆ ಬೇರೆ. ಅದರ ಅಗಲವೇ 91 ಸೆಂಟಿಮೀಟರಿನ ಆಸುಪಾಸು. ದಾರಂದಕ್ಕೆ ಅದರ ಆಳವನ್ನೇ ಎದುರಾಗಿ ಹಿಡಿಯಬೇಕು. ಹಿಡಿಕೆ, ಬಾಗಿಲು ಎಲ್ಲ ಸೇರಿ ಆಳ 72 ಇದ್ದರೆ ಎರಡು ಕಡೆಗೂ ಸಿಗುವ ಸಂದು ಎರಡೆರಡು ಸೆಂಟಿಮೀಟರ್. ಹೊತ್ತವರ ಬೆರಳು ಜಜ್ಜಿಹೋಗಲು ಅಷ್ಟು ಸಾಕು. ಬಾಗಿಲು ತೆಗೆದು ಆಳ 62 ಆದರೆ ಆಚೆ ಏಳು, ಈಚೆ ಏಳು ಸೆಂಟಿಮೀಟರ್ ಸಿಗುತ್ತದೆ. ಇಲ್ಲಿ ಬಾಗಿಲು ಕಳಚುವುದಕ್ಕೆ ಅರ್ಥವಿದೆ.

ಅಗಲಕ್ಕಿಂತ ಮಲೆನಾಡಿನ ಹಳೆಯ ಮನೆಗಳಲ್ಲಿ ಕಾಡುವುದು ಎತ್ತರ. ಬಾಗಿಲ ಮೇಲಿನ ಅಡ್ಡಪಟ್ಟಿ ಹೊಸ್ತಿಲಿನಿಂದ ಐದಡಿ ಎತ್ತರದಲ್ಲಿದ್ದರೆ 165 ಸೆಂಟಿಮೀಟರಿನ ಫ್ರಿಜ್ಜು ನಿಂತಂತೆ ಹೋಗದು. ‘ಸ್ವಲ್ಪ ವಾಲ್ಸಿ’ ಎನ್ನುತ್ತಾರೆ. ಸ್ವಲ್ಪ ವಾಲಿಸಿದರೆ ಫ್ರಿಜ್ಜಿನ ಎತ್ತರ ತಗ್ಗುವ ಬದಲು ಏರುತ್ತದೆ! ಆಯತವೊಂದನ್ನು ಹಿಂದಕ್ಕೆ ಒರಗಿಸುವಾಗ ಅದರ ಮುಂದಿನ ಮೇಲ್ಮೂಲೆ ಮೊದಲು ಮೇಲಕ್ಕೆ ಹೋಗಿ ಆಮೇಲೆ ಕೆಳಗಿಳಿಯುತ್ತದೆ. 165 ಎತ್ತರ, 68 ಆಳದ ನಮ್ಮ ಫ್ರಿಜ್ಜು ಸುಮಾರು 22 ಡಿಗ್ರಿ ವಾಲಿದಾಗ 178 ಸೆಂಟಿಮೀಟರ್ ಎತ್ತರವಾಗಿರುತ್ತದೆ. ಮತ್ತೆ 165ಕ್ಕೆ ಬರಬೇಕಾದರೆ ಸುಮಾರು 45 ಡಿಗ್ರಿ ವಾಲಬೇಕು. ಐದಡಿಯ ಕೆಳಗೆ ನುಸುಳಬೇಕಾದರೆ ಸುಮಾರು 54 ಡಿಗ್ರಿ. ಬಾಗಿಲು ತೆಗೆದಿದ್ದರೆ ಅದು 51ರ ಹತ್ತಿರ ಬರುತ್ತದೆ. ಇಷ್ಟೆಲ್ಲ ಕಷ್ಟಪಟ್ಟು ಗಳಿಸಿದ್ದು ಮೂರು ಡಿಗ್ರಿ.

ವಾಲಿಸಿ ಒಳಗೆ ತಂದ ಫ್ರಿಜ್ಜನ್ನು ಹಾಗೇ ಅಡ್ಡ ಹಿಡಿದು ಓಣಿಯ ಮೂಲೆಯಲ್ಲಿ ತಿರುಗಿಸುತ್ತೇವೆ ಎಂದು ಹೊರಡುವುದು ಎರಡನೆಯ ಎಡವಟ್ಟು. 90 ಸೆಂಟಿಮೀಟರಿನ ಎರಡು ಓಣಿಗಳು ಲಂಬಕೋನದಲ್ಲಿ ಕೂಡುವ ಕಡೆ 60 ಸೆಂಟಿಮೀಟರ್ ಅಗಲದ ವಸ್ತು ತಿರುಗಬೇಕಾದರೆ ಅದರ ಉದ್ದ 134 ಸೆಂಟಿಮೀಟರ್ ಮೀರುವಂತಿಲ್ಲ. ಮಲಗಿದ ಫ್ರಿಜ್ಜಿನ ಉದ್ದ 165. ಅದು ಸಿಕ್ಕಿಕೊಳ್ಳುತ್ತದೆ. ಅದನ್ನೇ ನಿಲ್ಲಿಸಿದರೆ ನೆಲದ ಮೇಲೆ ಅದು 60ಕ್ಕೆ 68ರ ಒಂದು ಚೌಕಟ್ಟು ಮಾತ್ರ, ಸಲೀಸಾಗಿ ತಿರುಗುತ್ತದೆ. ತಗ್ಗು ದಾರಂದದಲ್ಲಿ ವಾಲಿಸಿ, ದಾಟಿದ ಕೂಡಲೇ ನಿಲ್ಲಿಸಿ, ಮೂಲೆಯನ್ನು ನಿಂತಂತೆಯೇ ತಿರುಗಿಸಿ: ಹೊರುವವರ ಅನುಭವ ಹೇಳುವುದೂ ಇದನ್ನೇ, ತ್ರಿಕೋನಮಿತಿ ಹೇಳುವುದೂ ಇದನ್ನೇ.

ಈ ಮೂಲೆಯ ಕಷ್ಟ ಗಣಿತಜ್ಞರನ್ನೂ ಬಿಟ್ಟಿಲ್ಲ. ಒಂದು ಮಾನ ಅಗಲದ ಓಣಿಯ ಲಂಬಕೋನದ ತಿರುವಿನಲ್ಲಿ ದಾಟಬಲ್ಲ ಅತಿ ದೊಡ್ಡ ಆಕಾರ ಯಾವುದು ಎಂದು 1966ರಲ್ಲಿ ಲಿಯೋ ಮೋಸರ್ ಕೇಳಿದರು. ‘ಸೋಫಾ ಸಾಗಿಸುವ ಸಮಸ್ಯೆ’ ಎಂದೇ ಅದು ಹೆಸರಾಯಿತು. 1992ರಲ್ಲಿ ಜೋಸೆಫ್ ಗರ್ವರ್ ಸುಮಾರು 2.2195 ಚದರ ಮಾನದ ವಿಚಿತ್ರ ಆಕಾರವೊಂದನ್ನು ರಚಿಸಿ ತೋರಿಸಿದರು. ಅದಕ್ಕಿಂತ ದೊಡ್ಡದು ಸಾಧ್ಯವೇ ಇಲ್ಲ ಎಂಬ ಸಾಧನೆಯನ್ನು ಕೊರಿಯಾದ ಜಿನ್‌ಯಾನ್ ಬೆಕ್ 2024ರ ನವೆಂಬರಿನಲ್ಲಿ ಪ್ರಕಟಿಸಿದರು. ಅಂದರೆ ಮೂಲೆ ತಿರುಗಿಸುವ ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಯಬೇಕಾಯಿತು. ನಮ್ಮ ಜಗಲಿಯಲ್ಲಿ ಅಷ್ಟು ಹೊತ್ತು ಫ್ರಿಜ್ಜು ಹಿಡಿದು ನಿಲ್ಲಲಾಗದು. ಹೊರುವ ಮೊದಲೇ ದಾರಂದ, ಓಣಿ, ಮೆಟ್ಟಿಲ ತಿರುವು ಎಲ್ಲವನ್ನೂ ಟೇಪು ಹಿಡಿದು ಅಳೆದುಕೊಳ್ಳಬೇಕು. ಬಾಗಿಲು ತೆಗೆಯಬೇಕೋ ಬೇಡವೋ ಎಂಬುದನ್ನು ಆ ಅಳತೆಯೇ ಹೇಳುತ್ತದೆ.

ಅಳತೆ ಬೇಡವೆಂದರೂ ಭಾರ ಬೇಕೆನ್ನುವ ಸಂದರ್ಭವೂ ಉಂಟು. ಐವತ್ತು-ಅರವತ್ತು ಕೆಜಿಯ ಫ್ರಿಜ್ಜನ್ನು ಕಿರಿದಾದ ಸಂಕದ ಮೇಲೆ ಹೊತ್ತು ದಾಟಿಸುವಾಗ ಬಾಗಿಲುಗಳ ಹತ್ತು-ಹದಿನೈದು ಕೆಜಿ ಕಡಿಮೆಯಾದರೆ ಅದು ದೊಡ್ಡ ನೆಮ್ಮದಿ. ಒಂದೇ ಬಾಗಿಲಿನ ಸಣ್ಣ ಫ್ರಿಜ್ಜಾದರೆ ಬಾಗಿಲು ಮುಟ್ಟದೆ, ಭದ್ರವಾಗಿ ಕಟ್ಟಿ ಹೊರುವುದೇ ಲೇಸು.

ಭಾರ ಹೊರುವ ಕೀಲು, ಎಳೆತ ತಡೆಯುವ ಕೀಲು

ಹಳೆಯ ಮನೆಗಳ ದಪ್ಪ ಹಲಗೆಯ ಬಾಗಿಲುಗಳನ್ನು ಗಮನಿಸಿ. ಅವಕ್ಕೆ ಕಬ್ಬಿಣದ ತಿರುಪು ಹಿಂಜುಗಳಿರುವುದಿಲ್ಲ. ಹಲಗೆಯ ಒಂದು ಅಂಚಿನಲ್ಲಿ ಮೇಲೆ, ಕೆಳಗೆ ಮರದ ಗೂಟ ಮುಂಚಾಚಿರುತ್ತದೆ. ಕೆಳಗಿನ ಗೂಟ ಹೊಸ್ತಿಲ ಕುಳಿಯಲ್ಲಿ ಕೂತು ಇಡೀ ಭಾರ ಹೊರುತ್ತದೆ, ಮೇಲಿನದು ಬಾಗಿಲು ಮುಂದಕ್ಕೆ ಬೀಳದಂತೆ ಹಿಡಿಯುತ್ತದೆ. ಫ್ರಿಜ್ಜಿನ ಬಾಗಿಲು ಇದೇ ವಂಶದ್ದು. ಕೆಳಗೊಂದು ಉಕ್ಕಿನ ಗೂಟ, ಮೇಲೊಂದು ಗೂಟ, ನಡುವೆ ಬಾಗಿಲು. ಗೂಟ ಕೂರುವ ಕುಳಿಗೆ ಇಲ್ಲಿ ನೈಲಾನಿನ ಬುಷ್ ಇರುತ್ತದೆ, ಅಷ್ಟೇ ವ್ಯತ್ಯಾಸ.

ಎರಡು ಗೂಟಗಳ ಕೆಲಸ ಬೇರೆ ಬೇರೆ ಎಂಬುದು ಇಲ್ಲಿ ಮುಖ್ಯ. 8 ಕೆಜಿಯ, 60 ಸೆಂಟಿಮೀಟರ್ ಅಗಲದ, ಒಂದು ಮೀಟರ್ ಎತ್ತರದ ಬಾಗಿಲಿನ ಗುರುತ್ವಕೇಂದ್ರ ಗೂಟದಿಂದ 30 ಸೆಂಟಿಮೀಟರ್ ಆಚೆ ಇರುತ್ತದೆ. ಆ 8 ಕೆಜಿ ಪೂರ್ತಿ ಬೀಳುವುದು ಕೆಳಗಿನ ಗೂಟದ ಮೇಲೆ. ಮೇಲಿನ ಗೂಟವನ್ನು ಬಾಗಿಲು ಅಡ್ಡಡ್ಡ ಎಳೆಯುತ್ತದೆ. ಸನ್ನೆಯ ಲೆಕ್ಕದಲ್ಲಿ ಆ ಎಳೆತ ಸುಮಾರು 2.4 ಕೆಜಿ ತೂಕದಷ್ಟು. ಬಾಗಿಲ ಗೂಡುಗಳಲ್ಲಿ ನೀರಿನ ಬಾಟಲಿ, ಹಾಲು, ಉಪ್ಪಿನಕಾಯಿ ಸೇರಿ ಇನ್ನೊಂದು 8 ಕೆಜಿ ತುಂಬಿದ್ದರೆ ಎಳೆತವೂ ಇಮ್ಮಡಿ. ಮೇಲಿನ ಕೀಲಿನ ಎರಡು-ಮೂರು ಸ್ಕ್ರೂಗಳು ವರ್ಷಗಟ್ಟಲೆ ಈ ಎಳೆತವನ್ನು ತಡೆದು ನಿಂತಿರುತ್ತವೆ. ಗಾಡಿ ಗುಂಡಿಗೆ ಬಿದ್ದು ಕುಲುಕಿದಾಗ ಅದೇ ಎಳೆತ ಕ್ಷಣಕಾಲ ಹಲವು ಪಟ್ಟು ಆಗುತ್ತದೆ. ಸಾಗಿಸುವ ಮುನ್ನ ಬಾಗಿಲ ಗೂಡುಗಳನ್ನು ಖಾಲಿ ಮಾಡಬೇಕೆನ್ನುವುದು ಬಾಟಲಿ ಒಡೆಯುತ್ತದೆಂಬ ಭಯಕ್ಕೆ ಮಾತ್ರವಲ್ಲ.

ಕಳಚುವ ಕ್ರಮ

ಪ್ಲಗ್ ತೆಗೆದು, ಸಾಮಾನು ಖಾಲಿ ಮಾಡಿ, ಮಂಜುಗಡ್ಡೆ ಪೂರ್ತಿ ಕರಗಲು ಬಿಟ್ಟು, ಹಿಂಬದಿಯ ನೀರಿನ ತಟ್ಟೆ ಚೆಲ್ಲಿದ ಮೇಲೆ ಕೆಲಸ ಶುರು. ಕ್ರಮ ಯಾವಾಗಲೂ ಮೇಲಿನಿಂದ ಕೆಳಕ್ಕೆ. ಎರಡು ಬಾಗಿಲಿನದಾದರೆ ಮೊದಲು ಮೇಲಿನ ಕೀಲು, ಆಮೇಲೆ ಫ್ರೀಜರ್ ಬಾಗಿಲು, ನಡುವಿನ ಕೀಲು, ದೊಡ್ಡ ಬಾಗಿಲು. ಕೆಳಗಿನ ಕೀಲನ್ನು ಸಾಮಾನ್ಯವಾಗಿ ಮುಟ್ಟಬೇಕಿಲ್ಲ. ಬಾಗಿಲು ಇರುವಾಗ ಅದನ್ನು ಸಡಿಲಿಸಿದರೆ ಪೂರ್ತಿ ಭಾರ ನಿಮ್ಮ ಕಾಲ ಮೇಲೆ ಬರುತ್ತದೆ. ಮೇಲಿನ ಕೀಲಿನ ಕೊನೆಯ ಸ್ಕ್ರೂ ತಿರುಗಿಸುವ ಮುನ್ನ ಇನ್ನೊಬ್ಬರು ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದಿರಬೇಕು. ಅಷ್ಟರವರೆಗೆ ಆ ಸ್ಕ್ರೂ ತಡೆದಿದ್ದ ಎಳೆತವನ್ನು ಇನ್ನು ಅವರ ಕೈ ತಡೆಯಬೇಕು.

ಬಾಗಿಲ ಮೇಲೆ ತಾಪಮಾನ ತೋರಿಸುವ ದೀಪದ ಪಟ್ಟಿ ಇದ್ದರೆ ಮೇಲಿನ ಕೀಲಿನ ಪ್ಲಾಸ್ಟಿಕ್ ಟೊಪ್ಪಿಗೆಯ ಕೆಳಗೆ ವೈರುಗಳ ಗೊಂಚಲು ಇರುತ್ತದೆ. ಅದರ ಕೊಂಡಿ ಬಿಡಿಸದೆ ಬಾಗಿಲು ಎತ್ತಿದರೆ ವೈರು ತುಂಡಾಗುತ್ತದೆ. ಬಾಗಿಲಲ್ಲೇ ನೀರು ಬರುವ ದೊಡ್ಡ ಫ್ರಿಜ್ಜುಗಳಲ್ಲಿ ಸಣ್ಣ ನೀರಿನ ನಳಿಕೆಯೂ ಕೀಲಿನ ಮೂಲಕ ಹಾದಿರುತ್ತದೆ.

ಸ್ಪ್ಯಾನರ್ ಹಚ್ಚುವ ಮುನ್ನ ಪೆನ್ಸಿಲ್ ಹಿಡಿಯಿರಿ. ಕೀಲಿನ ತಗಡು ಪೆಟ್ಟಿಗೆಯ ಮೇಲೆ ಎಲ್ಲಿ ಕೂತಿದೆಯೋ ಅದರ ಸುತ್ತ ಸಣ್ಣ ಗೆರೆ ಎಳೆಯಿರಿ. ಅದರ ಸ್ಕ್ರೂ ತೂತುಗಳು ಸ್ಕ್ರೂಗಿಂತ ಕೊಂಚ ದೊಡ್ಡದಿರುತ್ತವೆ. ಕಾರ್ಖಾನೆಯಲ್ಲಿ ಬಾಗಿಲನ್ನು ಸರಿಹೊಂದಿಸಲೆಂದೇ ಬಿಟ್ಟ ಅವಕಾಶ ಅದು. ಬಿಚ್ಚಿದ ಮೇಲೆ ಕೀಲು ಮೊದಲು ಎಲ್ಲಿತ್ತೆಂದು ಹೇಳಬಲ್ಲದ್ದು ಆ ಪೆನ್ಸಿಲ್ ಗೆರೆ ಮಾತ್ರ. ಮೊಬೈಲಿನಲ್ಲಿ ಫೋಟೋ ತೆಗೆದರೂ ಒಳ್ಳೆಯದೇ. ಆದರೆ ಮಿಲಿಮೀಟರಿನ ವ್ಯತ್ಯಾಸ ಫೋಟೋದಲ್ಲಿ ಕಾಣದು.

ಮತ್ತೊಂದು ಸಣ್ಣ ವಸ್ತು ಇದೆ. ದೊಡ್ಡ ಬಾಗಿಲನ್ನು ಕೆಳಗಿನ ಗೂಟದಿಂದ ಮೇಲಕ್ಕೆ ಎತ್ತಿದಾಗ ಗೂಟದಲ್ಲಿರಬೇಕಾದ ತೆಳು ವಾಷರ್ ಗ್ರೀಸಿಗೆ ಅಂಟಿ ಬಾಗಿಲಿನ ಜತೆ ಮೇಲೆದ್ದಿರುತ್ತದೆ. ಬಾಗಿಲನ್ನು ಪಡಸಾಲೆಗೆ ಹೊತ್ತು ಗೋಡೆಗೆ ಒರಗಿಸುವಷ್ಟರಲ್ಲಿ ಅದು ದಾರಿಯಲ್ಲೆಲ್ಲೋ ಉದುರುತ್ತದೆ. ಬಿದ್ದದ್ದು ಯಾರಿಗೂ ಕೇಳಿಸುವುದಿಲ್ಲ. ಬಾಗಿಲು ಎತ್ತಿದ ಕೂಡಲೇ ಅದರ ತಳವನ್ನು ಬೆರಳಿನಿಂದ ಸವರಿ ವಾಷರನ್ನು ಬಿಡಿಸಿ ಸ್ಕ್ರೂಗಳ ಜತೆ ಒಂದು ಕವರಿಗೆ ಹಾಕಿ, ಕವರನ್ನು ಆ ಬಾಗಿಲಿಗೇ ಟೇಪಿನಿಂದ ಅಂಟಿಸಬೇಕು. ಒಂದೆರಡು ಮಿಲಿಮೀಟರ್ ದಪ್ಪದ ಆ ಬಿಲ್ಲೆ ಇಲ್ಲದಿದ್ದರೆ ಬಾಗಿಲು ಅಷ್ಟೇ ಕೆಳಗೆ ಕೂರುತ್ತದೆ, ಗೂಟದ ಮೇಲೆ ಉಜ್ಜುತ್ತದೆ, ರಬ್ಬರು ಮೊದಲಿನ ಜಾಗಕ್ಕೆ ತಾಗುವುದಿಲ್ಲ.

ದಾರಿಯಲ್ಲಿ ಒಳಗೆ ನಡೆಯುವುದು

ಬಾಗಿಲು ತೆಗೆಯದೆ ಸಾಗಿಸುವವರಿಗೂ ಒಂದು ಭೌತವಿಜ್ಞಾನದ ಮಾತು. ಅನಿವಾರ್ಯವಾಗಿ ಫ್ರಿಜ್ಜನ್ನು ಒಂದು ಪಕ್ಕಕ್ಕೆ ತುಂಬಾ ವಾಲಿಸಬೇಕಾದರೆ ಕೀಲಿನ ಬದಿ ಮೇಲಿದೆಯೋ ಕೆಳಗಿದೆಯೋ ನೋಡಿ. ಕೀಲು ಮೇಲಿದ್ದರೆ ಬಾಗಿಲಿನ ಗುರುತ್ವಕೇಂದ್ರ ಕೀಲಿನ ಕೆಳಗೆ ತೂಗುತ್ತದೆ. ಕುಲುಕಿದರೂ ಮುಚ್ಚಿದ ಸ್ಥಿತಿಗೇ ಮರಳಲು ನೋಡುತ್ತದೆ. ಕೀಲು ಕೆಳಗಿದ್ದರೆ ಗುರುತ್ವಕೇಂದ್ರ ಕೀಲಿನ ನೆತ್ತಿಯ ಮೇಲಿರುತ್ತದೆ. ಅಂಚಿನ ಅಯಸ್ಕಾಂತ ಒಮ್ಮೆ ಸೋತರೆ ಬಾಗಿಲು ಧೊಪ್ಪನೆ ಹೊರಕ್ಕೆ ಬೀಳುತ್ತದೆ. ಹಾಗಾಗಿ ಬಾಗಿಲಿಗೆ ಅಗಲವಾದ ಬಟ್ಟೆಯ ಪಟ್ಟಿಯನ್ನೋ ಟೇಪನ್ನೋ ಸುತ್ತಿ ಕಟ್ಟಬೇಕು. ಹಗ್ಗ ಬಿಗಿದು ಕಟ್ಟಿದರೆ ಆ ಜಾಗದಲ್ಲಿ ರಬ್ಬರು ಚಪ್ಪಟೆಯಾಗಿ ಹಾಗೇ ಉಳಿಯುತ್ತದೆ.

ಆದರೂ ಎಲ್ಲಕ್ಕಿಂತ ಒಳ್ಳೆಯದು ನಿಲ್ಲಿಸಿ ಸಾಗಿಸುವುದು. ಕಾರಣ ಹಿಂಬದಿಯ ಆ ಕಪ್ಪು ಗುಂಡಾಳದಲ್ಲಿದೆ. ಬೆಸುಗೆ ಹಾಕಿ ಮುಚ್ಚಿದ ಕಂಪ್ರೆಸರಿನ ಒಳಗೆ ಮೋಟಾರು ಮತ್ತು ಪಂಪು ಸ್ಪ್ರಿಂಗುಗಳ ಮೇಲೆ ಕೂತಿರುತ್ತವೆ. ತಳದಲ್ಲಿ ಎಣ್ಣೆ ಇರುತ್ತದೆ. ಮಲಗಿಸಿದರೆ ಎಣ್ಣೆ ತನ್ನ ಜಾಗ ಬಿಟ್ಟು ಕೊಳವೆಗಳಿಗೆ, ಪಂಪಿನ ಬಾಯಿಗೆ ಹರಿಯಬಹುದು. ಅನಿಲವನ್ನು ಒತ್ತಬಹುದು, ದ್ರವವನ್ನು ಒತ್ತಿ ಕುಗ್ಗಿಸಲಾಗದು. ಹಾಗೆ ಮಲಗಿದ್ದ ಫ್ರಿಜ್ಜಿಗೆ ತಂದ ಕೂಡಲೇ ಕರೆಂಟು ಕೊಟ್ಟರೆ ಪಂಪಿನ ತೆಳು ಕವಾಟಗಳು ಮುರಿಯುವ ಭಯವಿದೆ. ಜತೆಗೆ ಒಂದು ಮಿಲಿಮೀಟರಿಗಿಂತ ಸಣ್ಣ ಒಳವ್ಯಾಸದ ಕ್ಯಾಪಿಲರಿ ಕೊಳವೆಗೆ ಎಣ್ಣೆ ಸೇರಿ ತಂಪಿನ ಹರಿವು ನಿಧಾನವಾಗಬಹುದು. ಮಲಗಿಸಿ ತಂದಿದ್ದರೆ ಕಡೇಪಕ್ಷ ಮಲಗಿದ್ದಷ್ಟು ಹೊತ್ತು ನಿಲ್ಲಿಸಿಟ್ಟು, ರಾತ್ರಿ ಪೂರ್ತಿ ಬಿಟ್ಟರೆ ಇನ್ನೂ ಮೇಲು, ಆಮೇಲೆ ಕರೆಂಟು ಕೊಡಬೇಕು.

ಇಂದಿನ ಬಹುಪಾಲು ಮನೆಬಳಕೆಯ ಫ್ರಿಜ್ಜುಗಳಲ್ಲಿ ತಂಪು ಹೊರುವ ಅನಿಲ ಐಸೊಬ್ಯುಟೇನ್. ಹಿಂದಿನ ಕ್ಲೋರೊಫ್ಲೂರೊಕಾರ್ಬನ್ನುಗಳು ಓಜೋನ್ ಪದರವನ್ನು ತಿನ್ನುತ್ತವೆಂದು ತಿಳಿದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅವನ್ನು ಹಂತಹಂತವಾಗಿ ಕೈಬಿಟ್ಟ ಮೇಲೆ ಇದು ಬಳಕೆಗೆ ಬಂತು. ಅಡುಗೆ ಅನಿಲದ ಬ್ಯುಟೇನಿನ ಹತ್ತಿರದ ಸಂಬಂಧಿ, ಮೈನಸ್ 11.7 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ, ಹತ್ತಿ ಉರಿಯುತ್ತದೆ. ಫ್ರಿಜ್ಜಿನಲ್ಲಿರುವುದು ಕೆಲವು ಹತ್ತು ಗ್ರಾಮುಗಳಷ್ಟೇ. ಆದರೆ ಸಿಲಿಂಡರಿನ ಅನಿಲಕ್ಕೆ ಸೇರಿಸುವಂತೆ ಇದಕ್ಕೆ ವಾಸನೆಯ ವಸ್ತು ಸೇರಿಸಿರುವುದಿಲ್ಲ. ಸೋರಿದರೆ ಮೂಗಿಗೆ ಗೊತ್ತಾಗದು. ಹಿಂಬದಿಯ ಕೊಳವೆಗಳನ್ನು ಹಿಡಿಕೆ ಮಾಡಿಕೊಂಡು ಎತ್ತಬಾರದೆನ್ನುವುದು ಇದಕ್ಕೇ.

ಕೂರಿಸುವಾಗ ನೆಲದಿಂದ ಶುರು

ಹೊಸ ಜಾಗದಲ್ಲಿ ಮೊದಲು ನೋಡಬೇಕಾದ್ದು ಕೀಲನ್ನಲ್ಲ, ನೆಲವನ್ನು. ಹಳೆಯ ಮನೆಗಳ ಕಾವಿ ನೆಲ, ರೆಡ್ ಆಕ್ಸೈಡ್ ನೆಲ ಕಣ್ಣಿಗೆ ನುಣುಪಾಗಿ ಕಂಡರೂ ಮಟ್ಟವಾಗಿರಬೇಕೆಂದಿಲ್ಲ. ನಾಲ್ಕು ಕಾಲುಗಳಲ್ಲಿ ಒಂದು ತಗ್ಗಿಗೆ ಬಿದ್ದರೆ ಇಡೀ ಪೆಟ್ಟಿಗೆ ನವಿರಾಗಿ ತಿರುಚಿಕೊಳ್ಳುತ್ತದೆ. ಕೀಲುಗಳು ಇರುವುದು ಅದೇ ಪೆಟ್ಟಿಗೆಯ ಮೇಲೆ. ‘ಬಾಗ್ಲು ಜೋತು ಬಿದ್ದಿದೆ’ ಎಂಬ ದೂರಿನ ಮೂಲ ಎಷ್ಟೋ ಸಲ ಕೀಲಿನಲ್ಲಿರುವುದಿಲ್ಲ, ಕಾಲಿನಲ್ಲಿರುತ್ತದೆ. ಗಾರೆಯವರ ರಸಮಟ್ಟವನ್ನು ಫ್ರಿಜ್ಜಿನ ನೆತ್ತಿಯ ಮೇಲೆ ಅಡ್ಡಡ್ಡ ಇಟ್ಟು, ಮುಂದಿನ ಎರಡು ತಿರುಪು ಕಾಲುಗಳನ್ನು ತಿರುಗಿಸಿ ಮಟ್ಟಕ್ಕೆ ತರಬೇಕು.

ಉದ್ದುದ್ದ ಇಟ್ಟಾಗ ಮಾತ್ರ ಗುಳ್ಳೆ ನಟ್ಟನಡುವೆ ಇರಬಾರದು. ಮುಂಭಾಗ ಕೂದಲೆಳೆಯಷ್ಟು ಎತ್ತರವಿರಬೇಕು. ಹಾಗಿದ್ದರೆ ತೆರೆದ ಬಾಗಿಲಿನ ಗುರುತ್ವಕೇಂದ್ರ ಮುಚ್ಚಿದಾಗಿನದಕ್ಕಿಂತ ತುಸು ಮೇಲಿರುತ್ತದೆ. ಬಾಗಿಲು ಇಳಿಜಾರಿನಲ್ಲಿದ್ದಂತಾಗಿ ತಾನಾಗಿ ಮುಚ್ಚಿಕೊಳ್ಳಲು ಹೊರಡುತ್ತದೆ. ಸಾಮಾನೂ ಸೇರಿ 16 ಕೆಜಿ ತೂಗುವ ಬಾಗಿಲಿಗೆ ಅರ್ಧ ಡಿಗ್ರಿಯ ಇಳಿಜಾರು ಕೊಟ್ಟರೆ ಹಿಡಿಕೆಯ ಬಳಿ ಸಿಗುವ ತಳ್ಳು ಎಪ್ಪತ್ತು ಗ್ರಾಂ ತೂಕದಷ್ಟು. ನಿಮ್ಮ ಬೆರಳಿಗೆ ಅದು ಲೆಕ್ಕಕ್ಕಿಲ್ಲ. ಗ್ರೀಸು ಹಚ್ಚಿದ ಗೂಟದ ಮೇಲೆ ತಿರುಗುವ ಬಾಗಿಲನ್ನು ಒಳಕ್ಕೆ ಜಾರಿಸಲು ಅದು ಸಾಕು. ಎರಡೂ ಕೈಯಲ್ಲಿ ಪಾತ್ರೆ ಹಿಡಿದವರು ಮೊಣಕೈಯಿಂದ ತಳ್ಳಿ ಹೋದ ಬಾಗಿಲು ಹಾರುಹೊಡೆದು ಉಳಿಯದಿರುವುದು ಈ ಪುಟ್ಟ ಬಲದಿಂದ. ಅನೇಕ ಫ್ರಿಜ್ಜುಗಳ ಕೆಳಗೂಟದಲ್ಲಿ ಓರೆ ಮುಖದ ನೈಲಾನ್ ತುಂಡೊಂದಿದ್ದು, ಕೊನೆಯ ಕೆಲವು ಡಿಗ್ರಿಗಳಲ್ಲಿ ಬಾಗಿಲನ್ನು ಇನ್ನಷ್ಟು ಒಳಕ್ಕೆ ಜಾರಿಸುತ್ತದೆ. ಅದನ್ನು ತಿರುವುಮುರುವಾಗಿ ಹಾಕಿದರೆ ಬಾಗಿಲು ಮುಚ್ಚುವ ಬದಲು ತೆರೆದುಕೊಳ್ಳಲು ನೋಡುತ್ತದೆ.

ಕೂರಿಸುವ ಕ್ರಮ ಕೆಳಗಿನಿಂದ ಮೇಲಕ್ಕೆ. ಗೂಟಕ್ಕೆ ವಾಷರ್, ಅದರ ಮೇಲೆ ದೊಡ್ಡ ಬಾಗಿಲು, ನಡುವಿನ ಕೀಲು, ಫ್ರೀಜರ್ ಬಾಗಿಲು, ಮೇಲಿನ ಕೀಲು. ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಹಾಕಿ, ಬಾಗಿಲು ಮುಚ್ಚಿ, ಕೀಲನ್ನು ಪೆನ್ಸಿಲ್ ಗೆರೆಗೆ ಸರಿಯಾಗಿ ತಂದು, ಆಮೇಲೆ ಒಂದೊಂದನ್ನೂ ಸ್ವಲ್ಪಸ್ವಲ್ಪ ಬಿಗಿಯಬೇಕು. ಗೆರೆಯಿಂದ ಐದು ಮಿಲಿಮೀಟರ್ ಅಡ್ಡ ಸರಿದರೆ ಏನಾಗುತ್ತದೆ ನೋಡಿ. ಒಂದು ಮೀಟರ್ ಎತ್ತರದ ಬಾಗಿಲಿನ ತಲೆ ಐದು ಮಿಲಿಮೀಟರ್ ವಾಲಿದರೆ 60 ಸೆಂಟಿಮೀಟರ್ ಆಚೆಯ ಹಿಡಿಕೆಯ ಬದಿ ಮೂರು ಮಿಲಿಮೀಟರ್ ಕೆಳಗಿಳಿಯುತ್ತದೆ. ನೋಡುವವರಿಗೆ ಸಣ್ಣ ಸೊಟ್ಟ, ರಬ್ಬರಿಗೆ ದೊಡ್ಡ ಸಂದು.

ರಬ್ಬರಿನೊಳಗಿನ ಅಯಸ್ಕಾಂತ

ಬಾಗಿಲಂಚಿನ ಮೆತ್ತನೆಯ ರಬ್ಬರು ಪಟ್ಟಿಯ ಹೊಟ್ಟೆಯಲ್ಲಿ ಅಯಸ್ಕಾಂತದ ಪಟ್ಟಿ ಇದೆ. ಕಬ್ಬಿಣದ ಆಕ್ಸೈಡನ್ನು ಬೇರಿಯಂ ಇಲ್ಲವೇ ಸ್ಟ್ರಾನ್ಷಿಯಂ ಜತೆ ಬೇಯಿಸಿ ಮಾಡಿದ ಫೆರೈಟ್ ಪುಡಿಯನ್ನು ರಬ್ಬರಿನಂಥ ವಸ್ತುವಿನಲ್ಲಿ ಕಲಸಿದ್ದು. ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದವರು ಬೇರಿಯಂ ಫೆರೈಟ್ ಅಯಸ್ಕಾಂತವನ್ನು 1950ರ ದಶಕದ ಆರಂಭದಲ್ಲಿ ಜಗತ್ತಿಗೆ ಪರಿಚಯಿಸಿದರು. ಅಗ್ಗ, ತುಕ್ಕು ಹಿಡಿಯದು, ಪುಡಿ ಮಾಡಿ ಬಳುಕುವ ಪಟ್ಟಿಯಾಗಿಸಬಹುದು. ಆದರೆ ಅದರ ಹಿಡಿತ ದೂರಕ್ಕೆ ಹೋಗದು. ತಗಡಿಗೆ ತಾಗಿದಾಗ ಗಟ್ಟಿಯಾಗಿ ಅಂಟುವ ಪಟ್ಟಿ ಕೆಲವೇ ಮಿಲಿಮೀಟರ್ ದೂರವಾದರೆ ಇದ್ದೂ ಇಲ್ಲದಂತೆ. ಮೂರು ಮಿಲಿಮೀಟರಿನ ಸೊಟ್ಟಕ್ಕೆ ಬೆಲೆ ಬರುವುದು ಇಲ್ಲೇ.

ಆ ಸಂದಿನಲ್ಲಿ ನುಗ್ಗುವುದು ಬಿಸಿ ಗಾಳಿ ಎಂದುಕೊಳ್ಳುತ್ತೇವೆ. ಕಮ್ಮರಡಿಯಂಥ ಊರಿನಲ್ಲಿ ಅದಕ್ಕಿಂತ ಹೆಚ್ಚು ತೊಂದರೆ ಕೊಡುವುದು ನೀರು. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುವ ಸೀಮೆ ಇದು. ಆಷಾಢದಲ್ಲಿ ಒಗೆದ ಬಟ್ಟೆ ದಿನಗಟ್ಟಲೆ ಒಣಗದು. 25 ಡಿಗ್ರಿ ಉಷ್ಣತೆ, ಶೇಕಡಾ 95ರ ತೇವವಿರುವ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 22 ಗ್ರಾಂ ನೀರಿನ ಆವಿ ಇರುತ್ತದೆ. 5 ಡಿಗ್ರಿಯ ಗಾಳಿ ಹಿಡಿದುಕೊಳ್ಳಬಲ್ಲದ್ದು ಸುಮಾರು 7 ಗ್ರಾಂ. ಉಳಿದ 15 ಗ್ರಾಂ ಫ್ರಿಜ್ಜಿನೊಳಗೆ ನೀರಾಗಿ ಇಳಿಯಲೇಬೇಕು. ಆವಿ ನೀರಾಗುವಾಗ ಗ್ರಾಮಿಗೆ ಸುಮಾರು 2.5 ಕಿಲೋಜೂಲ್ ಶಾಖ ಬಿಡುಗಡೆಯಾಗುತ್ತದೆ. ಅಂದರೆ ಆ 15 ಗ್ರಾಮಿನಿಂದ 37 ಕಿಲೋಜೂಲ್. ಅದೇ ಘನಮೀಟರ್ ಗಾಳಿಯನ್ನು 25ರಿಂದ 5 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ 24 ಕಿಲೋಜೂಲ್ ಮಾತ್ರ. ಮಲೆನಾಡಿನ ಮಳೆಗಾಲದಲ್ಲಿ ಸರಿಯಾಗಿ ಕೂರದ ಬಾಗಿಲು ಕಂಪ್ರೆಸರಿಗೆ ಗಾಳಿ ತಣಿಸುವುದಕ್ಕಿಂತ ಹೆಚ್ಚಾಗಿ ಮಳೆಯ ತೇವ ಹಿಂಡುವ ಕೆಲಸ ಕೊಡುತ್ತದೆ. ಫ್ರೀಜರಿನಲ್ಲಿ ಅದು ಹಿಮವಾಗಿ ಗಟ್ಟಿಯಾಗುತ್ತದೆ, ರಬ್ಬರಿನ ಮಡಿಕೆಗಳಲ್ಲಿ ಕಪ್ಪು ಬೂಸ್ಟು ಹಿಡಿಯುತ್ತದೆ.

ಪರೀಕ್ಷೆ ಸುಲಭ. ಹತ್ತು ರೂಪಾಯಿ ನೋಟನ್ನು ರಬ್ಬರಿನ ಅಂಚಿಗೆ ಅಡ್ಡವಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಆ ಜಾಗ ಸರಿಯಿದೆ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದಿದೆ. ಸುತ್ತಲೂ ಹೀಗೆ ನೋಡಬೇಕು, ಕೀಲಿನ ಬದಿಯನ್ನು ಮರೆಯದೆ. ಸಾಗಿಸುವಾಗ ಮಡಚಿಹೋದ ರಬ್ಬರನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಿ ತೀಡಿದರೆ ಮೆತ್ತಗಾಗಿ ಆಕಾರಕ್ಕೆ ಮರಳುತ್ತದೆ.

ಫ್ರಿಜ್ಜು ತಣ್ಣಗಾದ ಮೇಲೆ ಇನ್ನೊಂದು ಪರೀಕ್ಷೆ. ಬಾಗಿಲು ತೆರೆದು ಮುಚ್ಚಿ, ಕೂಡಲೇ ಮತ್ತೆ ತೆರೆಯಲು ನೋಡಿ. ಬಾಗಿಲು ಹಟ ಮಾಡಿದರೆ ಸಂತೋಷಪಡಿ. ಒಳಹೊಕ್ಕ ಬೆಚ್ಚಗಿನ ಗಾಳಿ ತಣಿದು ಒಳಗಿನ ಒತ್ತಡ ಇಳಿದಿದೆ, ಹೊರಗಿನ ಗಾಳಿ ಬಾಗಿಲನ್ನು ಒಳಕ್ಕೆ ಒತ್ತುತ್ತಿದೆ. 30 ಡಿಗ್ರಿಯ ಗಾಳಿ ಒಂದಿಷ್ಟೂ ಸೋರದೆ 5 ಡಿಗ್ರಿಗೆ ಇಳಿದರೆ ಒತ್ತಡ ಶೇಕಡಾ 8ರಷ್ಟು ಕುಗ್ಗುತ್ತದೆ. 60 ಸೆಂಟಿಮೀಟರಿಗೆ ಒಂದು ಮೀಟರಿನ ಬಾಗಿಲಿನ ಮೇಲೆ ಅದು ಸಮುದ್ರಮಟ್ಟದ ಲೆಕ್ಕದಲ್ಲಿ ಸುಮಾರು 500 ಕೆಜಿ ತೂಕದ ಒತ್ತು. ನಿಜವಾಗಿ ಅಷ್ಟು ಆಗುವುದಿಲ್ಲ. ಒಳಗಿನ ಗಾಳಿಯಲ್ಲಿ ಸ್ವಲ್ಪ ಭಾಗವಷ್ಟೇ ಬದಲಾಗಿರುತ್ತದೆ, ನೀರು ಇಳಿಯುವ ತೂತಿನಿಂದ, ರಬ್ಬರಿನ ಅಂಚಿನಿಂದ ಗಾಳಿ ನಿಧಾನವಾಗಿ ಒಳಸೇರಿ ಒತ್ತಡ ಸರಿಹೋಗುತ್ತದೆ. ಆದರೂ ಅದರ ನೂರನೇ ಒಂದು ಪಾಲೇ ಐದು ಕೆಜಿ. ಪ್ರತಿ ಸಲವೂ ಹಗುರವಾಗಿ ತೆರೆಯುವ ಬಾಗಿಲಿಗೆ ಎಲ್ಲೋ ಸಂದಿರಬಹುದು.

ಗಾಳಿಮಳೆಗೆ ಮರ ಬಿದ್ದು ತಂತಿ ಹರಿದು ಕರೆಂಟು ಹೋಗುವ ಊರುಗಳಲ್ಲಿ ಈ ಬಿಗಿ ಇನ್ನೂ ಮುಖ್ಯ. ಬಾಗಿಲು ತೆರೆಯದಿದ್ದರೆ ಒಳ್ಳೆಯ ಫ್ರಿಜ್ಜು ಆಹಾರವನ್ನು ಸುಮಾರು 4 ಗಂಟೆ ಸುರಕ್ಷಿತವಾಗಿ ಇಡುತ್ತದೆ. ಸಂದು ಬಿಟ್ಟ ಬಾಗಿಲಿನ ಹಿಂದೆ ಆ ಹೊತ್ತು ಕರಗುತ್ತಾ ಹೋಗುತ್ತದೆ.

ಮತ್ತೆ ಹಾಕಬಾರದ ಬಾಗಿಲು

ತೆಗೆದ ಬಾಗಿಲನ್ನು ಮರಳಿ ಕೂರಿಸಲೇಬಾರದ ಸಂದರ್ಭವೂ ಒಂದಿದೆ: ಫ್ರಿಜ್ಜು ಕೆಟ್ಟು ಮೂಲೆ ಸೇರಿದಾಗ.

ಹಳೆಯ ಕಾಲದ ಫ್ರಿಜ್ಜುಗಳಿಗೆ ಹೊರಗಿನಿಂದ ಮಾತ್ರ ತೆರೆಯುವ ಚಿಲಕವಿರುತ್ತಿತ್ತು. ಅಮೆರಿಕದಲ್ಲಿ ಎಸೆದ ಫ್ರಿಜ್ಜುಗಳೊಳಗೆ ಆಟಕ್ಕೆ ಅವಿತ ಮಕ್ಕಳು ಹೊರಬರಲಾಗದೆ ಉಸಿರುಗಟ್ಟಿ ಸತ್ತ ಘಟನೆಗಳು ಮರುಕಳಿಸಿದವು. 1956ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು: 1958ರ ಅಕ್ಟೋಬರ್ ನಂತರ ತಯಾರಾಗುವ ಮನೆಬಳಕೆಯ ಫ್ರಿಜ್ಜಿನ ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು. ಮುಂದೆ ಒಳಗಿನಿಂದ ತಳ್ಳಿ ತೆರೆಯಲು ಬೇಕಾಗುವ ಬಲಕ್ಕೂ ಮಿತಿ ಹಾಕಿದರು, 15 ಪೌಂಡ್, ಅಂದರೆ ಸುಮಾರು 7 ಕೆಜಿ ತೂಕದಷ್ಟು. ಚಿಲಕ ಹೋಗಿ ಅಯಸ್ಕಾಂತದ ರಬ್ಬರು ಎಲ್ಲೆಡೆ ಬಂದದ್ದರ ಹಿಂದೆ ಈ ಕಾನೂನಿನ ಒತ್ತಾಸೆ ಇದೆ. ನಮ್ಮ ಅಡುಗೆಮನೆಯ ಬಾಗಿಲು ಮೆಲ್ಲನೆ ಎಳೆದರೆ ತೆರೆಯುವುದು ಆ ಮಕ್ಕಳ ಲೆಕ್ಕದಿಂದ.

ಆದರೂ ಏಳು ಕೆಜಿಯ ತಳ್ಳು ಮೂರು ವರ್ಷದ ಮಗುವಿಗೆ, ಅದೂ ಕತ್ತಲಲ್ಲಿ ಮುದುಡಿ ಕೂತಾಗ, ಸಣ್ಣದಲ್ಲ. ಕೆಟ್ಟ ಫ್ರಿಜ್ಜುಗಳು ನಮ್ಮಲ್ಲಿ ಬೇಗ ಗುಜರಿಗೆ ಹೋಗುವುದಿಲ್ಲ. ಕೊಟ್ಟಿಗೆಯ ಮಾಡಿನ ಕೆಳಗೆ, ಹಿತ್ತಿಲ ಜಗಲಿಯಲ್ಲಿ ಬಿತ್ತನೆ ಬೀಜಕ್ಕೋ ಗೊಬ್ಬರದ ಚೀಲಕ್ಕೋ ಇಲಿ ಬಾರದ ಪೆಟ್ಟಿಗೆಯಾಗಿ ವರ್ಷಗಟ್ಟಲೆ ನಿಲ್ಲುತ್ತವೆ. ರಬ್ಬರು ಹಳತಾದರೂ ಅಯಸ್ಕಾಂತ ಸಾಯುವುದಿಲ್ಲ. ಅಂಥ ಪೆಟ್ಟಿಗೆ ಬೇಸಿಗೆ ರಜೆಯಲ್ಲಿ ಅಜ್ಜನ ಮನೆಗೆ ಬಂದ ಮಕ್ಕಳ ಕಣ್ಣಾಮುಚ್ಚಾಲೆಗೆ ಸಿಗಬಾರದು. ಅದನ್ನು ಮೂಲೆಗೆ ಸರಿಸುವ ದಿನವೇ ಮೇಲಿನ ಕೀಲು ಬಿಚ್ಚಿ ಬಾಗಿಲು ಎತ್ತಿ ಬೇರೆ ಕಡೆ ಇಡಿ. ಮುಚ್ಚಳ ಬೇಕೇ ಬೇಕೆಂದರೆ ಗೋಣಿಯ ಪರದೆ ಸಾಕು. ಈ ಸಲ ಪೆನ್ಸಿಲ್ ಗೆರೆಯ ಅಗತ್ಯವಿಲ್ಲ, ವಾಷರ್ ಕಳೆದರೂ ಚಿಂತೆಯಿಲ್ಲ.